ಚುಕ್ಕಿ ಒತ್ತಿದಾಗ ಏನು ಕಾಣಬೇಕು: ಪೈಥಾನ್ ಆಟೋಕಂಪ್ಲೀಟ್‌ಗೆ ಜೆಡಿಯೋ, ಪೈರೈಟೋ, ಪೈಚಾರ್ಮೋ?

ಪೈಥಾನ್‌ನಲ್ಲಿ ವೇರಿಯಬಲ್ ಹೆಸರು ಬರೆದು ಚುಕ್ಕಿ ಒತ್ತಿದಾಗ ಎಡಿಟರ್ ಮೆಥಡ್‌ಗಳ ಪಟ್ಟಿ ಕೊಡಬೇಕು. ಇದೇ ಆಟೋಕಂಪ್ಲೀಟ್. ಅದಕ್ಕೆ ಆ ವೇರಿಯಬಲ್ ಯಾವ ಕ್ಲಾಸಿನದು, ಅಂದರೆ ಅದರ ಟೈಪ್ ಏನು ಎಂದು ಗೊತ್ತಿರಬೇಕು. ಜಾವಾದಲ್ಲಿ ಆ ಮಾಹಿತಿ ಕೋಡ್‌ನಲ್ಲೇ ಬರೆದಿರುತ್ತದೆ. ಪೈಥಾನ್‌ನಲ್ಲಿ ಬರೆಯಲೇಬೇಕೆಂಬ ಕಟ್ಟುಪಾಡಿಲ್ಲ, ಪ್ರೋಗ್ರಾಂ ಓಡುವಾಗಷ್ಟೇ ಅದು ಖಚಿತವಾಗುತ್ತದೆ. ಹಾಗಾಗಿ ಎಡಿಟರ್‌ನ ಹಿಂದಿರುವ ಎಂಜಿನ್ ಕೋಡನ್ನು ಓಡಿಸದೆ, ಬರೀ ಓದಿ, ಟೈಪ್ ಏನೆಂದು ಕಂಡುಕೊಳ್ಳಬೇಕು. ಓದುವ ಕೆಲಸಕ್ಕೆ ಸ್ಟ್ಯಾಟಿಕ್ ಅನಾಲಿಸಿಸ್ ಎನ್ನುತ್ತಾರೆ, ಬರೆಯದೇ ಬಿಟ್ಟ ಟೈಪನ್ನು ಕಂಡುಕೊಳ್ಳುವುದಕ್ಕೆ ಟೈಪ್ ಇನ್‌ಫರೆನ್ಸ್ ಎನ್ನುತ್ತಾರೆ.

ಜೆಡಿ, ಪೈರೈಟ್, ಪೈಚಾರ್ಮ್‌ನಂಥ ಈ ಎಂಜಿನ್‌ಗಳಲ್ಲಿ ಯಾವುದು ಎಲ್ಲಕ್ಕಿಂತ ಉತ್ತಮ ಎಂದು ಕೇಳಿದರೆ ಉಪಯೋಗವಿಲ್ಲ. ನಿಮ್ಮ ಕೋಡ್‌ನಲ್ಲಿ ಟೈಪಿನ ಮಾಹಿತಿ ಎಲ್ಲಿ ಇದೆ ಎಂದು ಮೊದಲು ನೋಡಿಕೊಳ್ಳಿ. ಅದು ಮೂರು ಕಡೆ ಇರಬಹುದು: ನೀವೋ ಲೈಬ್ರರಿಯವರೋ ಬರೆದಿಟ್ಟ ಆನೊಟೇಷನ್‌ಗಳಲ್ಲಿ (ಹೆಸರಿನ ಪಕ್ಕ ಟೈಪ್ ಇಂಥದ್ದೆಂದು ಬರೆಯುವ ಸೂಚನೆ), ಫಂಕ್ಷನ್‌ಗಳ ಒಡಲಿನಲ್ಲಿ, ಇಲ್ಲವೇ ಓಡುತ್ತಿರುವ ಪ್ರೋಗ್ರಾಂನ ಮೆಮೊರಿಯಲ್ಲಿ. ಪೈರೈಟ್ ಮೊದಲನೆಯದನ್ನು ಬಹಳ ಚೆನ್ನಾಗಿ ಓದುತ್ತದೆ. ಜೆಡಿ ಎರಡನೆಯದನ್ನು ಕೆದಕುತ್ತದೆ, ಬೇಕಾದರೆ ಮೂರನೆಯದನ್ನೂ ನೋಡುತ್ತದೆ. ಪೈಚಾರ್ಮ್ ಮೂರನ್ನೂ ಸ್ವಲ್ಪ ಸ್ವಲ್ಪ ಬಳಸುತ್ತದೆ. ಆಯ್ಕೆಯೆಲ್ಲ ಇದರ ಮೇಲೆಯೇ ನಿಂತಿದೆ.

ಜೆಡಿ: ಆನೊಟೇಷನ್ ಇಲ್ಲದ ಹಳೆಯ ಕೋಡ್‌ಗೆ

ಜೆಡಿ ಪೂರ್ತಿ ಪೈಥಾನ್‌ನಲ್ಲೇ ಬರೆದ ಲೈಬ್ರರಿ. ಕೋಡ್ ಓದಿ ಅದರ ರಚನೆಯನ್ನು ಮರದಂತೆ ಜೋಡಿಸುವ ಅದರ ಪಾರ್ಸರ್‌ನ ಹೆಸರು ಪಾರ್ಸೋ. ಅರ್ಧಕ್ಕೆ ನಿಂತ ಸಾಲು, ಮುಚ್ಚದ ಬ್ರಾಕೆಟ್ ಇದ್ದರೂ ಈ ಪಾರ್ಸರ್ ಕೈಚೆಲ್ಲುವುದಿಲ್ಲ, ಮುರಿದ ಭಾಗವನ್ನು ಬದಿಗಿಟ್ಟು ಉಳಿದದ್ದಕ್ಕೆ ಮರ ಕಟ್ಟುತ್ತದೆ. ಆಟೋಕಂಪ್ಲೀಟ್ ಕೇಳುವ ಹೊತ್ತಿಗೆ ಕೋಡ್ ಯಾವಾಗಲೂ ಮುರಿದೇ ಇರುವುದರಿಂದ ಇದು ಸಣ್ಣ ವಿಷಯವಲ್ಲ.

ಜೆಡಿ ಇಡೀ ಪ್ರಾಜೆಕ್ಟನ್ನು ಮೊದಲೇ ಓದಿಟ್ಟುಕೊಳ್ಳುವುದಿಲ್ಲ. ನೀವು ಕೇಳಿದ ಹೆಸರಿನಿಂದ ಹಿಂದಕ್ಕೆ ಹೊರಟು, ಅದಕ್ಕೆ ಬೇಕಾದಷ್ಟನ್ನೇ ಬಿಡಿಸುತ್ತದೆ. ಅದರ ನಿಜವಾದ ಬಲ ಕಾಣುವುದು ಆನೊಟೇಷನ್ ಇಲ್ಲದ ಪ್ಯಾರಾಮೀಟರ್‌ಗಳಲ್ಲಿ. ಒಂದು ಫಂಕ್ಷನ್‌ಗೆ ‘ಸಾಲು’ ಎಂಬ ಪ್ಯಾರಾಮೀಟರ್ ಇದೆ, ಟೈಪ್ ಬರೆದಿಲ್ಲ ಎಂದುಕೊಳ್ಳಿ. ಆ ಫಂಕ್ಷನನ್ನು ಎಲ್ಲೆಲ್ಲಿ ಕರೆದಿದ್ದಾರೆ ಎಂದು ಜೆಡಿ ಹುಡುಕುತ್ತದೆ. ಕರೆದ ಕಡೆ ಸ್ಟ್ರಿಂಗ್ ಕೊಟ್ಟಿದ್ದರೆ ಫಂಕ್ಷನ್ ಒಳಗೆ ‘ಸಾಲು’ ಮುಂದೆ ಚುಕ್ಕಿ ಒತ್ತಿದಾಗ ಸ್ಟ್ರಿಂಗ್‌ನ ಮೆಥಡ್‌ಗಳು ಬರುತ್ತವೆ. ಖಾಲಿ ಪಟ್ಟಿಗೆ ಆಮೇಲೆ ಏನೇನು ಅಪೆಂಡ್ ಮಾಡಿದ್ದೀರಿ ಎಂದೂ ಗಮನಿಸಿ ಒಳಗಿನ ಅಂಶದ ಟೈಪ್ ಹೇಳುತ್ತದೆ. ಡಾಕ್‌ಸ್ಟ್ರಿಂಗ್‌ನಲ್ಲಿ (ಫಂಕ್ಷನ್ ಒಳಗೆ ಬರೆದ ವಿವರಣೆ) ಸ್ಫಿಂಕ್ಸ್ ಎಂಬ ದಾಖಲೆ ಸಾಧನದ ಶೈಲಿಯಲ್ಲಿ ಟೈಪ್ ಬರೆದಿದ್ದರೆ ಅದನ್ನೂ ಓದುತ್ತದೆ. ಪೈಥಾನ್ 3.5ರ ಹೊತ್ತಿಗೆ, ಅಂದರೆ 2015ರಲ್ಲಿ, ಪೆಪ್ 484 (ಪೆಪ್ ಎಂದರೆ ಪೈಥಾನ್ ಸುಧಾರಣೆಯ ಪ್ರಸ್ತಾವ) ಬಂದು ಟೈಪ್ ಹಿಂಟ್‌ಗಳಿಗೆ ಒಂದು ಕ್ರಮ ಬಂತು. ಅದಕ್ಕೂ ಮುಂಚಿನ ಕೋಡ್‌ಗೆ ಈ ಗುಣಗಳೇ ಆಧಾರ.

ಇಷ್ಟು ಕೆದಕಿದರೆ ಹೊತ್ತು ಹಿಡಿಯುತ್ತದೆ. ಅದಕ್ಕೆಂದೇ ಜೆಡಿ ತನಗೆ ತಾನೇ ಬೇಲಿ ಹಾಕಿಕೊಂಡಿದೆ: ರಿಕರ್ಷನ್ ಆಳ 15, ಒಂದು ಪ್ರಶ್ನೆಗೆ ಒಟ್ಟು 200 ಫಂಕ್ಷನ್ ಬಿಡಿಸುವಿಕೆ, ಒಂದೇ ಫಂಕ್ಷನ್ 6 ಸಲಕ್ಕಿಂತ ಹೆಚ್ಚಿಲ್ಲ. ಈ ಮಿತಿ ಮುಟ್ಟಿದರೆ ದೋಷವೇನೂ ತೋರಿಸದೆ ಸುಮ್ಮನಾಗುತ್ತದೆ, ಪಟ್ಟಿ ಖಾಲಿ ಬರುತ್ತದೆ. ಡೆಕೊರೇಟರ್ (ಫಂಕ್ಷನ್ ಸುತ್ತ ಹೊದಿಸುವ ಇನ್ನೊಂದು ಫಂಕ್ಷನ್) ಮೇಲೆ ಡೆಕೊರೇಟರ್ ಹೊದ್ದ ಕೋಡ್‌ನಲ್ಲಿ ಜೆಡಿ ಒಮ್ಮೊಮ್ಮೆ ಏನೂ ತೋರಿಸದಿರಲು ಇದೂ ಒಂದು ಕಾರಣ.

ನಂಪೈ, ಪಾಂಡಾಸ್‌ನಂಥ ದೊಡ್ಡ ಲೈಬ್ರರಿಗಳಲ್ಲಿ ಮೊದಲ ಸಲದ ಪಟ್ಟಿ ತಡವಾಗಿ ಬರುತ್ತದೆ. ಓದಿದ ಫೈಲ್‌ಗಳ ಮರವನ್ನು ಡಿಸ್ಕ್‌ನಲ್ಲಿ ಕ್ಯಾಶ್ ಮಾಡಿಕೊಳ್ಳುವುದರಿಂದ ಎರಡನೇ ಸಲ ಬೇಗ. ಲಿನಕ್ಸ್‌ನಲ್ಲಿ ಹೋಮ್ ಫೋಲ್ಡರ್‌ನ ಕ್ಯಾಶ್ ಡೈರೆಕ್ಟರಿಯಲ್ಲಿ ಜೆಡಿ, ಪಾರ್ಸೋ ಎಂಬ ಹೆಸರಿನಲ್ಲಿ ಈ ಫೈಲ್‌ಗಳಿರುತ್ತವೆ. ಡಿಸ್ಕ್ ತುಂಬಿ ಕ್ಯಾಶ್ ಅರ್ಧ ಬರೆದು ನಿಂತರೆ ವಿಚಿತ್ರ ದೋಷಗಳು ಬರುತ್ತವೆ. ಆ ಫೋಲ್ಡರ್‌ಗಳನ್ನು ಅಳಿಸಿದರೆ ಸಾಕು, ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ.

ಎಡಿಟರ್‌ಗೆ ಜೋಡಿಸಲು ಎರಡು ದಾರಿ. ಎರಡೂ ಲ್ಯಾಂಗ್ವೇಜ್ ಸರ್ವರ್‌ಗಳು, ಅಂದರೆ ಎಡಿಟರ್ ಕೇಳಿದ್ದಕ್ಕೆ ಎಲ್‌ಎಸ್‌ಪಿ ಎಂಬ ಸಾಮಾನ್ಯ ಭಾಷೆಯಲ್ಲಿ ಉತ್ತರಿಸುವ ಪ್ರೋಗ್ರಾಂಗಳು. ಆಟೋಕಂಪ್ಲೀಟ್ ಮಾತ್ರ ಸಾಕೆಂದರೆ ಜೆಡಿ ಲ್ಯಾಂಗ್ವೇಜ್ ಸರ್ವರ್. ಲಿಂಟಿಂಗ್, ಫಾರ್ಮ್ಯಾಟಿಂಗ್ ಎಲ್ಲ ಒಂದೇ ಕಡೆ ಬೇಕೆಂದರೆ ಪೈಥಾನ್ ಎಲ್‌ಎಸ್‌ಪಿ ಸರ್ವರ್, ಅದನ್ನು ಸ್ಪೈಡರ್ ಎಡಿಟರ್‌ನ ತಂಡ ನೋಡಿಕೊಳ್ಳುತ್ತಿದೆ. ಎರಡನೆಯದರಲ್ಲಿ ಪೂರ್ಣ ವಿವರ ಬಿಡಿಸುವುದು ಮೂಲ ಸೆಟ್ಟಿಂಗ್‌ನಲ್ಲಿ ಮೊದಲ 25 ಸಲಹೆಗಳಿಗೆ ಮಾತ್ರ. ಪಟ್ಟಿಯ ಕೆಳಗಿನ ಹೆಸರುಗಳಿಗೆ ವಿವರಣೆ ಕಾಣದಿದ್ದರೆ ಈ ಸಂಖ್ಯೆ ಏರಿಸಿ, ಆದರೆ ವೇಗ ಇಳಿಯುತ್ತದೆ.

ಜೆಡಿಯನ್ನು ನೇರವಾಗಿ ಕರೆದು ನಿಮ್ಮದೇ ಪುಟ್ಟ ಎಡಿಟರ್‌ಗೆ ಆಟೋಕಂಪ್ಲೀಟ್ ಕೊಡುವವರು ಎರಡು ಕಡೆ ಎಡವುತ್ತಾರೆ. ಒಂದು, ಜೆಡಿಯಲ್ಲಿ ಸಾಲಿನ ಎಣಿಕೆ 1ರಿಂದ, ಕಾಲಮ್ ಎಣಿಕೆ 0ಯಿಂದ ಶುರು. ಎಲ್‌ಎಸ್‌ಪಿಯಲ್ಲಿ ಎರಡೂ 0ಯಿಂದ. ಎರಡನೆಯದು ಕನ್ನಡಿಗರಿಗೆ ವಿಶೇಷ. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನು ಕನ್ನಡದಲ್ಲೇ ಇಡಬಹುದು, ‘ಪಟ್ಟಿ = []’ ಎಂಬುದು ಸರಿಯಾದ ಸಾಲು. ಆದರೆ ‘ಪಟ್ಟಿ’ ನಮ್ಮ ಕಣ್ಣಿಗೆ 2 ಅಕ್ಷರವಾದರೂ ಯೂನಿಕೋಡ್‌ನಲ್ಲಿ 5 ಸಂಕೇತ: ಪ, ಟ, ಹಲಂತ ಚಿಹ್ನೆ, ಟ, ಇಕಾರದ ಗುಣಿತ. ಕಾಲಮ್ 5 ಎಂದೇ ಕೊಡಬೇಕು. ಎಲ್‌ಎಸ್‌ಪಿ ಮೂಲತಃ ಯುಟಿಎಫ್-16ರ ಲೆಕ್ಕ ಹಿಡಿಯುತ್ತದೆ. ಕನ್ನಡದ ಪ್ರತಿ ಸಂಕೇತಕ್ಕೂ ಅಲ್ಲಿ ಒಂದೇ ಘಟಕ ಸಾಕಾಗುವುದರಿಂದ ಎರಡೂ ಲೆಕ್ಕ ತಾಳೆಯಾಗುತ್ತವೆ. ಬಹುತೇಕ ಎಮೋಜಿಗೆ ಎರಡು ಘಟಕ ಬೇಕು, ಸಾಲಿನಲ್ಲಿ ಅದು ಇದ್ದರೆ ಲೆಕ್ಕ ತಪ್ಪುತ್ತದೆ. ಹಾಗೆಯೇ ‘ಇನ್‌ಪುಟ್’ ಎಂಬಂಥ ಹೆಸರು ಇಡಬೇಡಿ. ನಡುವೆ ಒತ್ತಕ್ಷರ ತಪ್ಪಿಸಲು ಸೇರುವ ಝೀರೋ ವಿಡ್ತ್ ನಾನ್-ಜಾಯ್ನರ್ ಅನ್ನು ಪೈಥಾನ್ ಹೆಸರಿನೊಳಗೆ ಒಪ್ಪುವುದಿಲ್ಲ, ಸಿಂಟ್ಯಾಕ್ಸ್ ದೋಷ ಕೊಡುತ್ತದೆ. ಆ ಚಿಹ್ನೆ ಕಣ್ಣಿಗೆ ಕಾಣದ ಕಾರಣ ಹುಡುಕುವುದು ತ್ರಾಸ.

ಪೈರೈಟ್, ಪೈಲ್ಯಾನ್ಸ್, ಬೇಸ್ಡ್‌ಪೈರೈಟ್: ಆನೊಟೇಷನ್ ಇದ್ದವರಿಗೆ

ಪೈರೈಟ್ ಮೈಕ್ರೋಸಾಫ್ಟ್‌ನಿಂದ 2019ರಲ್ಲಿ ಬಂದ ಟೈಪ್ ಚೆಕ್ಕರ್, ಅಂದರೆ ಟೈಪ್‌ಗಳು ತಾಳೆಯಾಗುತ್ತವೆಯೇ ಎಂದು ನೋಡುವ ಸಾಧನ. ಬರೆದಿರುವುದು ಟೈಪ್‌ಸ್ಕ್ರಿಪ್ಟ್‌ನಲ್ಲಿ, ಓಡಲು ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಬೇಕು. ಅದರದೇ ಲ್ಯಾಂಗ್ವೇಜ್ ಸರ್ವರ್ ಜೊತೆಯಲ್ಲೇ ಬರುತ್ತದೆ. ಪೈಲ್ಯಾನ್ಸ್ ಎಂದರೆ ಪೈರೈಟ್ ಒಳಗಿಟ್ಟು ಮೇಲೆ ಆಟೋ ಇಂಪೋರ್ಟ್, ಇಂಡೆಕ್ಸಿಂಗ್, ರಿಫ್ಯಾಕ್ಟರಿಂಗ್ ಸೇರಿಸಿದ ವಿಎಸ್ ಕೋಡ್ ಎಕ್ಸ್‌ಟೆನ್ಷನ್. ಪೈರೈಟ್ ಮುಕ್ತ ತಂತ್ರಾಂಶ, ಪೈಲ್ಯಾನ್ಸ್ ಅಲ್ಲ. ಅದರ ಲೈಸೆನ್ಸ್ ಮೈಕ್ರೋಸಾಫ್ಟ್‌ನ ಉತ್ಪನ್ನಗಳಲ್ಲಿ ಮಾತ್ರ ಬಳಸಲು ಬಿಡುತ್ತದೆ. ವಿಎಸ್‌ಕೋಡಿಯಂ, ನಿಯೋವಿಮ್, ಈಮ್ಯಾಕ್ಸ್ ಬಳಸುವವರಿಗೆ ಉಳಿಯುವುದು ಪೈರೈಟ್ ಅಥವಾ ಬೇಸ್ಡ್‌ಪೈರೈಟ್. ಬೇಸ್ಡ್‌ಪೈರೈಟ್ ಅನ್ನು ಪಿಪ್‌ನಿಂದಲೇ ಹಾಕಿಕೊಳ್ಳಬಹುದು, ನೋಡ್ ಬೇರೆ ಹುಡುಕಬೇಕಿಲ್ಲ. ಪೈಲ್ಯಾನ್ಸ್‌ನಲ್ಲಷ್ಟೇ ಇರುವ ಕೆಲವು ಸೌಲಭ್ಯಗಳೂ ಅದರಲ್ಲಿವೆ. ಒಂದೇ ಎಚ್ಚರ: ಅದರ ಮೂಲ ಮೋಡ್ ಬಹಳ ಬಿಗಿ. ಹಳೆಯ ಪ್ರಾಜೆಕ್ಟ್ ತೆರೆದರೆ ಪುಟ ತುಂಬ ಎಚ್ಚರಿಕೆಗಳು ಬರುತ್ತವೆ. ಆಟೋಕಂಪ್ಲೀಟ್‌ಗಾಗಿ ಬಂದವರು ಟೈಪ್ ಚೆಕಿಂಗ್ ಮೋಡನ್ನು ‘ಸ್ಟ್ಯಾಂಡರ್ಡ್’ ಅಥವಾ ‘ಆಫ್’ಗೆ ಇಳಿಸಿಕೊಳ್ಳಿ. ಮೋಡ್ ಆಫ್ ಆದರೂ ಟೈಪ್ ಇನ್‌ಫರೆನ್ಸ್ ನಡೆದೇ ಇರುತ್ತದೆ, ದೂರುಗಳು ಮಾತ್ರ ನಿಲ್ಲುತ್ತವೆ. ಪೈಲ್ಯಾನ್ಸ್ ಆಫ್ ಆಗಿಯೇ ಬರುವುದು ಇದಕ್ಕೇ.

ಆನೊಟೇಷನ್ ಇರುವ ಕಡೆ ಪೈರೈಟ್‌ನ ಉತ್ತರ ಬಹಳ ನಿಖರ. ಜೆನೆರಿಕ್, ಓವರ್‌ಲೋಡ್, ಪ್ರೊಟೊಕಾಲ್ ಎಲ್ಲ ಅರ್ಥವಾಗುತ್ತದೆ. ‘ಇಸ್‌ಇನ್‌ಸ್ಟೆನ್ಸ್’ ಪರೀಕ್ಷೆ ಬರೆದ ಮೇಲೆ ಆ ಇಫ್ ಬ್ಲಾಕ್ ಒಳಗೆ ಟೈಪ್ ಕಿರಿದಾಗಿ, ಅದಕ್ಕೆ ತಕ್ಕ ಮೆಥಡ್‌ಗಳು ಮಾತ್ರ ಬರುತ್ತವೆ. ಪೈಡ್ಯಾಂಟಿಕ್‌ನಂಥ ಲೈಬ್ರರಿಗಳು ಪೆಪ್ 681ರ ಡೇಟಾಕ್ಲಾಸ್ ಟ್ರಾನ್ಸ್‌ಫಾರ್ಮ್ ಬಳಸುವುದರಿಂದ ಮಾಡೆಲ್‌ನ ಕನ್‌ಸ್ಟ್ರಕ್ಟರ್‌ನಲ್ಲಿ ಫೀಲ್ಡ್‌ಗಳ ಹೆಸರು ತಾವಾಗಿ ಬರುತ್ತವೆ.

ಆನೊಟೇಷನ್ ಇಲ್ಲದ ಕಡೆ ಕಥೆ ಬೇರೆ. ರಿಟರ್ನ್ ಟೈಪನ್ನು ಪೈರೈಟ್ ಫಂಕ್ಷನ್ ಒಡಲಿನಿಂದ ಕಂಡುಕೊಳ್ಳುತ್ತದೆ. ಫಂಕ್ಷನ್ ಚಿಕ್ಕದಾಗಿದ್ದರೆ, ಪ್ಯಾರಾಮೀಟರ್ ಕಡಿಮೆ ಇದ್ದರೆ, ಕರೆದ ಜಾಗದ ಆರ್ಗ್ಯುಮೆಂಟ್‌ಗಳನ್ನು ಹಿಡಿದು ಇನ್ನೊಮ್ಮೆ ಲೆಕ್ಕ ಹಾಕುತ್ತದೆ. ಆದರೆ ಫಂಕ್ಷನ್ ಒಳಗೆ ನಿಂತು ಆನೊಟೇಷನ್ ಇಲ್ಲದ ಪ್ಯಾರಾಮೀಟರ್‌ನ ಮುಂದೆ ಚುಕ್ಕಿ ಒತ್ತಿದರೆ ಜೆಡಿಯಂತೆ ಕರೆದವರನ್ನು ಹುಡುಕಿಕೊಂಡು ಹೋಗುವುದಿಲ್ಲ. ಡೀಫಾಲ್ಟ್ ಬೆಲೆ 0 ಎಂದಿದ್ದರೆ ಇಂಟ್ ಎಂದುಕೊಳ್ಳುತ್ತದೆ. ತಂದೆ ಕ್ಲಾಸಿನ ಅದೇ ಮೆಥಡ್‌ನಲ್ಲಿ ಟೈಪ್ ಬರೆದಿದ್ದರೆ ಅದನ್ನು ತೆಗೆದುಕೊಳ್ಳುತ್ತದೆ. ಎರಡೂ ಇಲ್ಲದಿದ್ದರೆ ‘ಅನ್‌ನೋನ್’, ಪಟ್ಟಿ ಖಾಲಿ. ಖಾಲಿ ಪಟ್ಟಿಯದೂ ಹಾಗೆಯೇ: ಆಮೇಲೆ ಏನು ಅಪೆಂಡ್ ಮಾಡಿದರೂ ‘ಅನ್‌ನೋನ್‌ಗಳ ಲಿಸ್ಟ್’ ಎಂದೇ ಹಿಡಿಯುತ್ತದೆ. ಆ ಒಂದು ಸಾಲಿಗೆ ಟೈಪ್ ಬರೆದುಬಿಟ್ಟರೆ ಕೆಳಗಿನ ಎಲ್ಲ ಸಾಲುಗಳಿಗೂ ಜೀವ ಬರುತ್ತದೆ. ಇಡೀ ಪ್ರಾಜೆಕ್ಟಿಗೆ ಆನೊಟೇಷನ್ ಹಾಕುವ ಸಾಹಸ ಬೇಡ. ಹೆಚ್ಚು ಕಡೆಯಿಂದ ಕರೆಯುವ ಫಂಕ್ಷನ್‌ಗಳ ಪ್ಯಾರಾಮೀಟರ್ ಮತ್ತು ಖಾಲಿ ಲಿಸ್ಟ್, ಡಿಕ್ಟ್‌ಗಳಿಗೆ ಬರೆಯಿರಿ, ಪೈರೈಟ್ ಉಳಿದದ್ದನ್ನು ನಡೆಸಿಕೊಂಡು ಹೋಗುತ್ತದೆ.

ಕಂಗಾಲು ಮಾಡುವ ಇನ್ನೊಂದು ನಡವಳಿಕೆ: ತಲುಪಲಾಗದ ಕೋಡನ್ನು ಪೈರೈಟ್ ವಿಶ್ಲೇಷಿಸುವುದೇ ಇಲ್ಲ. ಲಿನಕ್ಸ್‌ನಲ್ಲಿ ಕೂತು ‘ವಿಂಡೋಸ್ ಆಗಿದ್ದರೆ’ ಎಂಬ ಪ್ಲಾಟ್‌ಫಾರ್ಮ್ ಪರೀಕ್ಷೆಯೊಳಗೆ ಬರೆಯಲು ಹೋದರೆ ಆ ಭಾಗ ಮಸುಕಾಗಿರುತ್ತದೆ, ಸಲಹೆಗಳು ಬರುವುದಿಲ್ಲ. ಸೆಟ್ಟಿಂಗ್‌ನಲ್ಲಿ ಪೈಥಾನ್ ಪ್ಲಾಟ್‌ಫಾರ್ಮನ್ನು ‘ಆಲ್’ ಮಾಡಿದರೆ ಸರಿಹೋಗುತ್ತದೆ. ಸದಾ ಎಕ್ಸೆಪ್ಷನ್ ಎಸೆಯುವ ಫಂಕ್ಷನ್ ಕರೆದ ನಂತರದ ಸಾಲುಗಳೂ ಹೀಗೇ ಮಸುಕಾಗುತ್ತವೆ.

ದೊಡ್ಡ ಪ್ರಾಜೆಕ್ಟ್‌ನಲ್ಲಿ ಪೈರೈಟ್ ಕುಂಟಲು ಸಾಮಾನ್ಯ ಕಾರಣ ಎಕ್ಸ್‌ಕ್ಲೂಡ್ ಪಟ್ಟಿ. ನೀವು ಏನೂ ಬರೆಯದಿದ್ದರೆ ನೋಡ್ ಮಾಡ್ಯೂಲ್ಸ್, ಪೈಕ್ಯಾಶ್, ಚುಕ್ಕಿಯಿಂದ ಶುರುವಾಗುವ ಫೋಲ್ಡರ್‌ಗಳನ್ನು ಅದು ತಾನೇ ಬಿಡುತ್ತದೆ. ‘ಡೇಟಾ’ ಫೋಲ್ಡರ್ ಬಿಡು ಎಂದು ನೀವು ಒಂದೇ ಹೆಸರು ಬರೆದರೂ ಆ ಮೂಲ ಪಟ್ಟಿ ಹೋಗಿಬಿಡುತ್ತದೆ. ಅವನ್ನೂ ಸೇರಿಸಿಯೇ ಬರೆಯಬೇಕು. ಔಟ್‌ಪುಟ್ ಲಾಗ್‌ನಲ್ಲಿ ಫೈಲ್‌ಗಳ ಎಣಿಕೆಗೆ 10 ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತಿದೆ ಎಂಬ ಸಂದೇಶ ಕಂಡರೆ ಮೊದಲು ಇದನ್ನೇ ನೋಡಿ. ಹೀಪ್ ತುಂಬದಂತೆ ಟೈಪ್ ಕ್ಯಾಶ್ ಖಾಲಿ ಮಾಡುತ್ತಿದ್ದೇನೆ ಎಂಬ ಸಂದೇಶ ಪದೇ ಪದೇ ಬಂದರೆ ಮೆಮೊರಿ ಸಾಲುತ್ತಿಲ್ಲ ಎಂದರ್ಥ.

ಮೈಪೈ ಎಲ್ಲಿ?

ಮೈಪೈ ಆಟೋಕಂಪ್ಲೀಟ್ ಕೊಡುವುದಿಲ್ಲ. ಅದು ಟೈಪ್ ತಪ್ಪು ಹಿಡಿಯುವ ಸಾಧನ. ಎಡಿಟರ್‌ನಲ್ಲಿ ಪೈರೈಟ್, ಸಿಐಯಲ್ಲಿ (ಕೋಡ್ ಸೇರಿಸಿದಾಗ ತಾನೇ ಪರೀಕ್ಷೆ ನಡೆಸುವ ವ್ಯವಸ್ಥೆ) ಮೈಪೈ ಇಟ್ಟುಕೊಂಡ ತಂಡಗಳು ಬಹಳ. ಹಾಗೆ ಮಾಡುವವರು ಎರಡರ ತೀರ್ಪು ಬೇರೆಯಾಗುವ ಜಾಗಗಳನ್ನು ತಿಳಿದಿರಲಿ. ಸಂಖ್ಯೆಯನ್ನೂ ಸ್ಟ್ರಿಂಗನ್ನೂ ಬೆರೆಸಿದ ಲಿಸ್ಟ್‌ಗೆ ಪೈರೈಟ್ ‘ಇಂಟ್ ಅಥವಾ ಸ್ಟ್ರಿಂಗ್’ ಎನ್ನುತ್ತದೆ, ಮೈಪೈ ‘ಆಬ್ಜೆಕ್ಟ್’ ಎನ್ನುತ್ತದೆ. ಆನೊಟೇಷನ್ ಇಲ್ಲದ ಫಂಕ್ಷನ್ ಒಡಲನ್ನು ಮೈಪೈ ಮೂಲ ಸೆಟ್ಟಿಂಗ್‌ನಲ್ಲಿ ಪರೀಕ್ಷಿಸುವುದೇ ಇಲ್ಲ. ಎಡಿಟರ್‌ನಲ್ಲಿ ಕೆಂಪು ಗೆರೆ, ಸಿಐಯಲ್ಲಿ ಹಸಿರು ಟಿಕ್ಕು ಬರುವುದು ಹೀಗೆ.

ಪೈಚಾರ್ಮ್

ಜೆಟ್‌ಬ್ರೇನ್ಸ್‌ನ ಪೈಚಾರ್ಮ್‌ಗೆ ತನ್ನದೇ ಎಂಜಿನ್ ಇದೆ. ಪ್ರಾಜೆಕ್ಟ್ ತೆರೆದ ಕೂಡಲೇ ಇಂಟರ್‌ಪ್ರಿಟರ್ ಸಮೇತ ಎಲ್ಲವನ್ನೂ ಇಂಡೆಕ್ಸ್ ಮಾಡುತ್ತದೆ. ಅದು ಮುಗಿಯುವವರೆಗೆ ಸಲಹೆಗಳು ಅರೆಬರೆ. ಮೆಮೊರಿ ಕಡಿಮೆ ಇರುವ ಲ್ಯಾಪ್‌ಟಾಪ್‌ಗೆ ಇದು ಭಾರ. ಡಾಕ್‌ಸ್ಟ್ರಿಂಗ್ ಓದುತ್ತದೆ, ಸಿ ಭಾಷೆಯಲ್ಲಿ ಬರೆದ ಮಾಡ್ಯೂಲ್‌ಗಳಿಗೆ ಇಂಟರ್‌ಪ್ರಿಟರ್ ಓಡಿಸಿ ಅಸ್ಥಿಪಂಜರದ ಫೈಲ್ ತಯಾರಿಸಿಕೊಳ್ಳುತ್ತದೆ. ಹೆಚ್ಚು ಜನ ಗಮನಿಸದ ಒಂದು ಸೌಲಭ್ಯ ಡಿಬಗರ್ ಸೆಟ್ಟಿಂಗ್‌ನಲ್ಲಿದೆ: ಓಡುವಾಗಿನ ಟೈಪ್ ಮಾಹಿತಿ ಸಂಗ್ರಹಿಸು ಎಂಬ ಟಿಕ್ಕು. ಅದನ್ನು ಹಾಕಿ ಒಮ್ಮೆ ಡಿಬಗ್ ಮಾಡಿದರೆ ಫಂಕ್ಷನ್‌ಗೆ ನಿಜವಾಗಿ ಬಂದ ಆರ್ಗ್ಯುಮೆಂಟ್‌ಗಳ ಟೈಪ್ ನೆನಪಿಟ್ಟುಕೊಂಡು ಮುಂದೆ ಸಲಹೆ ಕೊಡುತ್ತದೆ. ಡಿಬಗರ್ ನಿಧಾನವಾಗುತ್ತದೆ, ಆದ್ದರಿಂದ ಕೆಲಸ ಮುಗಿದ ಮೇಲೆ ಟಿಕ್ಕು ತೆಗೆಯಿರಿ.

ಜ್ಯಾಂಗೋ ಎಂಬ ವೆಬ್ ಫ್ರೇಮ್‌ವರ್ಕ್ ಬಳಸುವವರಿಗೆ ಹಣ ಕೊಟ್ಟು ಪಡೆಯುವ ಪ್ರೋ ಸೌಲಭ್ಯಗಳು ನಿಜಕ್ಕೂ ಬೆಲೆಬಾಳುತ್ತವೆ. ಮಾಡೆಲ್‌ನ ‘ಆಬ್ಜೆಕ್ಟ್ಸ್’, ಹಿಮ್ಮುಖ ಸಂಬಂಧಗಳ ಹೆಸರುಗಳು ಓಡುವಾಗ ಹುಟ್ಟುವಂಥವು. ಪೈಚಾರ್ಮ್‌ಗೆ ಜ್ಯಾಂಗೋದ ಈ ಪದ್ಧತಿಗಳು ಒಳಗಿನಿಂದಲೇ ಗೊತ್ತು. ಜ್ಯಾಂಗೋ ಸ್ಟಬ್ಸ್ (ಸ್ಟಬ್ ಎಂದರೆ ಟೈಪ್ ಮಾಹಿತಿಯಷ್ಟೇ ಇರುವ ಫೈಲ್) ಪ್ಯಾಕೇಜ್‌ನ ಮುಖ್ಯ ಬಲ ಮೈಪೈ ಪ್ಲಗಿನ್‌ನಲ್ಲಿದೆ, ಪೈರೈಟ್‌ಗೆ ಪ್ಲಗಿನ್ ವ್ಯವಸ್ಥೆಯೇ ಇಲ್ಲ.

ರಸ್ಟ್‌ನಲ್ಲಿ ಬರೆದ ಹೊಸಬರು

2025ರ ಮೇನಲ್ಲಿ ಎರಡು ಒಟ್ಟಿಗೇ ಹೊರಬಂದವು: ಮೆಟಾದ ಪೈರೀಫ್ಲೈ, ಆಸ್ಟ್ರಲ್‌ನ ಟಿವೈ. ಎರಡಕ್ಕೂ ಲ್ಯಾಂಗ್ವೇಜ್ ಸರ್ವರ್ ಇದೆ, ಎರಡೂ ಚುರುಕು. ಪೈರೀಫ್ಲೈ ಖಾಲಿ ಲಿಸ್ಟ್‌ನ ಟೈಪನ್ನು ಅದರ ಮೊದಲ ಬಳಕೆಯಿಂದ ತೀರ್ಮಾನಿಸುತ್ತದೆ, ಪೈರೈಟ್‌ನ ಮೇಲಿನ ಕೊರತೆ ಇಲ್ಲಿಲ್ಲ. ಟಿವೈ ಆನೊಟೇಷನ್ ಇಲ್ಲದ ಕೋಡ್‌ಗೆ ಸುಮ್ಮನೆ ದೂರು ಹೇಳಬಾರದು ಎಂಬ ನೀತಿಯದು. ಲಕ್ಷಾಂತರ ಸಾಲಿನ ಪ್ರಾಜೆಕ್ಟ್‌ನಲ್ಲಿ ಪೈರೈಟ್ ಏದುಸಿರು ಬಿಡುತ್ತಿದ್ದರೆ ಇವನ್ನು ನೋಡಲೇಬೇಕು. ಎರಡೂ ಇನ್ನೂ ಎಳೆಯವು, ಆವೃತ್ತಿಯಿಂದ ಆವೃತ್ತಿಗೆ ನಡವಳಿಕೆ ಬದಲಾಗುತ್ತದೆ. ತಂಡದಲ್ಲಿ ಬಳಸುವುದಾದರೆ ಆವೃತ್ತಿ ಸಂಖ್ಯೆ ಕಟ್ಟಿಹಾಕಿ.

ನೋಟ್‌ಬುಕ್‌ನಲ್ಲಿ ಲೆಕ್ಕ ಬೇರೆ

ಸಿಎಸ್‌ವಿ ಓದಿ ಬಂದ ಡೇಟಾಫ್ರೇಮ್‌ನ ಕಾಲಮ್ ಹೆಸರುಗಳು ಫೈಲ್‌ನಲ್ಲಿವೆ, ಕೋಡ್‌ನಲ್ಲಿಲ್ಲ. ಯಾವ ಸ್ಟ್ಯಾಟಿಕ್ ಎಂಜಿನ್‌ಗೂ ಅವು ಸಿಗುವುದಿಲ್ಲ. ಐಪೈಥಾನ್ ಮತ್ತು ಜುಪಿಟರ್‌ನಲ್ಲಿ ಆ ಆಬ್ಜೆಕ್ಟ್ ಆಗಲೇ ಮೆಮೊರಿಯಲ್ಲಿ ಇರುವುದರಿಂದ ನೇರವಾಗಿ ಕೇಳಬಹುದು. ಜೆಡಿಯಲ್ಲೂ ಇದಕ್ಕಾಗಿ ‘ಇಂಟರ್‌ಪ್ರಿಟರ್’ ಎಂಬ ಬೇರೆ ಕ್ಲಾಸ್ ಇದೆ, ಅದು ಕೋಡ್ ಜೊತೆಗೆ ಜೀವಂತ ನೇಮ್‌ಸ್ಪೇಸ್‌ಗಳನ್ನೂ ತೆಗೆದುಕೊಳ್ಳುತ್ತದೆ. ಸೆಲ್ ಓಡಿಸದೆ ಸಲಹೆ ಬರುತ್ತಿಲ್ಲ ಎಂದು ದೂರುವ ಮೊದಲು ಸೆಲ್ ಓಡಿಸಿ. ಟ್ಯಾಬ್ ಒತ್ತಿದ ಮೇಲೆ ಸೆಕೆಂಡುಗಟ್ಟಲೆ ಕಾಯಬೇಕಾಗಿದ್ದರೆ ಐಪೈಥಾನ್‌ನ ಕಂಪ್ಲೀಟರ್ ಸೆಟ್ಟಿಂಗ್‌ನಲ್ಲಿ ಜೆಡಿ ಬಳಕೆಯನ್ನು ಫಾಲ್ಸ್ ಮಾಡಿ ನೋಡಿ. ಜೀವಂತ ಆಬ್ಜೆಕ್ಟ್‌ಗಳ ಸಲಹೆ ಆಗಲೂ ಬರುತ್ತದೆ.

ಎಂಜಿನ್ ಬದಲಿಸುವ ಮೊದಲು

ಸಲಹೆ ಬರುತ್ತಿಲ್ಲವೆಂದು ಎಂಜಿನ್ ಬದಲಿಸುವವರಲ್ಲಿ ಬಹುಪಾಲಿನವರ ತೊಂದರೆ ಎಂಜಿನ್‌ನದಲ್ಲ, ಪರಿಸರದ್ದು. ಎಡಿಟರ್ ನೋಡುತ್ತಿರುವುದು ಪ್ರಾಜೆಕ್ಟ್‌ನ ವರ್ಚುವಲ್ ಎನ್ವಿರಾನ್‌ಮೆಂಟೋ, ಸಿಸ್ಟಂ ಪೈಥಾನೋ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ನಿಮ್ಮದೇ ಪ್ಯಾಕೇಜನ್ನು ಎಡಿಟೆಬಲ್ ಆಗಿ (ಕೋಡ್ ನಕಲಿಸದೆ, ಇದ್ದ ಜಾಗದಿಂದಲೇ ಬಳಸುವಂತೆ) ಇನ್‌ಸ್ಟಾಲ್ ಮಾಡಿದ್ದರೆ ಇನ್ನೊಂದು ಬಲೆ ಇದೆ. ಸೆಟಪ್‌ಟೂಲ್ಸ್ 64ರಿಂದ ಎಡಿಟೆಬಲ್ ಇನ್‌ಸ್ಟಾಲ್ ಇಂಪೋರ್ಟ್ ಹುಕ್ ಬಳಸಬಹುದು. ಹುಕ್ ಎಂದರೆ ಓಡುವಾಗ ದಾರಿ ತೋರಿಸುವ ಕೋಡ್, ಓದಿ ಮಾತ್ರ ತಿಳಿಯುವ ಪೈರೈಟ್‌ಗೆ ಆ ದಾರಿ ಕಾಣುವುದಿಲ್ಲ. ಪ್ರೋಗ್ರಾಂ ಓಡುತ್ತದೆ, ಎಡಿಟರ್‌ನಲ್ಲಿ ಮಾತ್ರ ಇಂಪೋರ್ಟ್ ಸಿಗುತ್ತಿಲ್ಲ ಎಂಬ ಗೆರೆ. ಪಿಪ್‌ಗೆ ಕಾನ್ಫಿಗ್ ಸೆಟ್ಟಿಂಗ್ ಆಗಿ ಎಡಿಟೆಬಲ್ ಮೋಡ್ ‘ಕಂಪ್ಯಾಟ್’ ಎಂದು ಕೊಟ್ಟು ಮತ್ತೆ ಇನ್‌ಸ್ಟಾಲ್ ಮಾಡಿ, ಇಲ್ಲವೇ ಪೈರೈಟ್‌ನ ಎಕ್ಸ್‌ಟ್ರಾ ಪಾತ್ಸ್‌ಗೆ ಆ ಫೋಲ್ಡರ್ ಸೇರಿಸಿ.

ಇದಕ್ಕೆ ತಿರುಗುಮುರುಗಾದದ್ದೂ ಇದೆ. ಟೈಪ್‌ಶೆಡ್ ಎಂಬ ಸ್ಟಬ್ ಭಂಡಾರ ಪೈರೈಟ್ ಜೊತೆಗೇ ಬರುವುದರಿಂದ ಇನ್‌ಸ್ಟಾಲ್ ಮಾಡದ ಲೈಬ್ರರಿಗೂ ಸಲಹೆ ಸೊಗಸಾಗಿ ಬರುತ್ತದೆ, ಓಡಿಸಿದರೆ ಮಾಡ್ಯೂಲ್ ಇಲ್ಲವೆಂಬ ದೋಷ. ಮಾಡ್ಯೂಲ್ ಸೋರ್ಸ್ ಇಲ್ಲ ಎಂಬ ಎಚ್ಚರಿಕೆಯನ್ನು ಆಫ್ ಮಾಡಬೇಡಿ. ಸಿ ಅಥವಾ ರಸ್ಟ್ ಎಕ್ಸ್‌ಟೆನ್ಷನ್‌ಗೆ ಸ್ಟಬ್ ಇಲ್ಲದಿದ್ದರೆ ಪೈರೈಟ್‌ಗೆ ಓದಲು ಏನೂ ಇರುವುದಿಲ್ಲ. ಜೆಡಿ ಅದನ್ನು ಬೇರೆ ಪ್ರೋಸೆಸ್‌ನಲ್ಲಿ ಇಂಪೋರ್ಟ್ ಮಾಡಿ ಒಳಗೆ ನೋಡುತ್ತದೆ.

ಆಯ್ಕೆಗೆ ಒಂದು ಚಿಕ್ಕ ಪರೀಕ್ಷೆ

ನಿಮ್ಮ ಪ್ರಾಜೆಕ್ಟ್‌ನಲ್ಲೇ ಒಂದು ಫೈಲ್ ತೆರೆದು ನಾಲ್ಕು ಜಾಗದಲ್ಲಿ ಚುಕ್ಕಿ ಒತ್ತಿ. ಒಂದು, ಆನೊಟೇಷನ್ ಇಲ್ಲದ ಪ್ಯಾರಾಮೀಟರ್ ಮುಂದೆ, ಫಂಕ್ಷನ್ ಒಳಗೆ. ಎರಡು, ಖಾಲಿ ಲಿಸ್ಟ್‌ಗೆ ಸ್ಟ್ರಿಂಗ್ ಅಪೆಂಡ್ ಮಾಡಿ, ಅದರ 0ನೇ ಅಂಶದ ಮುಂದೆ. ಮೂರು, ಇನಿಟ್‌ನಲ್ಲಿ ‘ನನ್’ (None) ಇಟ್ಟು ಬೇರೆ ಮೆಥಡ್‌ನಲ್ಲಿ ಬೆಲೆ ಕೊಟ್ಟ ಆಟ್ರಿಬ್ಯೂಟ್ ಮುಂದೆ. ನಾಲ್ಕು, ನೀವು ದಿನವೂ ಬಳಸುವ ಲೈಬ್ರರಿಯ ಒಂದು ಫಂಕ್ಷನ್ ಹಿಂದಿರುಗಿಸಿದ ಬೆಲೆಯ ಮುಂದೆ.

ಮೊದಲೆರಡರಲ್ಲಿ ಜೆಡಿ ಉತ್ತರಿಸುತ್ತದೆ, ಪೈರೈಟ್ ಸುಮ್ಮನಿರುತ್ತದೆ. ನಿಮ್ಮ ಕೋಡ್ ಬಹುತೇಕ ಇಂಥದ್ದೇ ಆಗಿದ್ದು ಆನೊಟೇಷನ್ ಬರೆಯುವ ಅಧಿಕಾರವೂ ನಿಮಗಿಲ್ಲದಿದ್ದರೆ ಜೆಡಿ ಅಥವಾ ಪೈಚಾರ್ಮ್ ಇಟ್ಟುಕೊಳ್ಳಿ. ಮೂರನೆಯದರಲ್ಲಿ ಪೈರೈಟ್ ಎಲ್ಲ ಅಸೈನ್‌ಮೆಂಟ್‌ಗಳನ್ನು ಕೂಡಿಸಿ ‘ಆ ಕ್ಲಾಸ್ ಅಥವಾ ನನ್’ ಎನ್ನಬೇಕು, ಸಲಹೆ ಬರಬೇಕು. ನಾಲ್ಕನೆಯದರಲ್ಲಿ ಆ ಲೈಬ್ರರಿಯಲ್ಲಿ ಪೆಪ್ 561 ಹೇಳುವ ‘ಪೈ.ಟೈಪ್ಡ್’ ಫೈಲ್ ಇದ್ದರೆ ಪೈರೈಟ್ ಕುಟುಂಬದ ಮುಂದೆ ಜೆಡಿ ಸಾಮಾನ್ಯವಾಗಿ ಹಿಂದೆ ಬೀಳುತ್ತದೆ. ಹೊಸ ಪ್ರಾಜೆಕ್ಟ್ ಶುರು ಮಾಡುವವರಿಗೆ ನಮ್ಮ ಸಲಹೆ ನೇರ: ವಿಎಸ್ ಕೋಡ್‌ನಲ್ಲಿ ಪೈಲ್ಯಾನ್ಸ್, ಬೇರೆ ಎಡಿಟರ್‌ನಲ್ಲಿ ಬೇಸ್ಡ್‌ಪೈರೈಟ್, ಮೊದಲ ದಿನದಿಂದ ಪ್ಯಾರಾಮೀಟರ್‌ಗಳಿಗೆ ಟೈಪ್.

ವೇಗ ಅಳೆಯುವಾಗ ಪ್ರತಿ ಜಾಗದಲ್ಲೂ ಎರಡು ಸಲ ಒತ್ತಿ, ಎರಡನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಅಳತೆಗೆ ಸಿಗುವುದು ಕ್ಯಾಶ್ ಕಟ್ಟುವ ಹೊತ್ತು.